ಕೈ ಬೇಡುವ ಮೋಟರು

"ಕೈಗೇನು ಲಕ್ವ ಹೊಡ್ದಿದ್ಯಾ, ಮುಂಡೇವಾ? ಎಳೀರೇ ಬೆಲ್ಟು."

ಧಣಿ ಬಾಗಿಲಲ್ಲೇ ನಿಂತು ಬೈದ. ಚಿಂದಿ ಮಿಲ್ಲಿನ ಮೋಟರು ಗುಂಯ್‌ಗುಡುತ್ತ ನಡುಗುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ. ಗುಂಡಿಯಕ್ಕ ಉಸಿರು ಬಿಗಿಹಿಡಿದು ಬೆಲ್ಟನ್ನು ಎರಡೂ ಕೈಯಿಂದ ಜಗ್ಗಿ ಹಿಂದಕ್ಕೆ ಹಾರಿದಳು. ಮೋಟರು ಓಟ ಹಿಡಿಯಿತು. ಹಳೇ ಬಟ್ಟೆಗಳ ಗುಂಡಿ ಕತ್ತರಿಸಿ ಕತ್ತರಿಸಿ ಅವಳಿಗೆ ಆ ಹೆಸರು ಬಂದಿತ್ತು. ಗುಂಡಿ ಬಿಚ್ಚಿದ ಬಟ್ಟೆಯನ್ನು ಯಂತ್ರ ಸಿಗಿದು ಹಾಸಿಗೆಯ ಹತ್ತಿ ಮಾಡುತ್ತಿತ್ತು.

ಮೋಟರು ಮೂರು ಫೇಸಿನದು. ಶೆಡ್ಡಿಗೆ ಬಂದದ್ದು ಮನೆದೀಪಕ್ಕೆ ಕೊಡುವ ಸಿಂಗಲ್ ಫೇಸ್ ಲೈನು. ಮೂವರ ಹೊರೆಯನ್ನು ಒಬ್ಬನ ತಲೆಗೆ ಹೊರಿಸಿದ ಹಾಗೆ. ಕರೆಂಟಿನವನು ಕೆಪಾಸಿಟರ್ ಅನ್ನುವ ಡಬ್ಬಿ ಜೋಡಿಸಿಕೊಟ್ಟಿದ್ದ; ಅದಿರುವಷ್ಟು ದಿನ ಮೋಟರು ತಾನಾಗಿ ಹೊರಡುತ್ತಿತ್ತು. ಅದು ಸಿಡಿದ ಮೇಲೆ, ಇಷ್ಟು ಜನರ ಕೈ ಇರುವಾಗ ಹೊಸ ಡಬ್ಬಿ ಯಾಕೆ ಅಂದುಬಿಟ್ಟ ಧಣಿ. ಅಂದಿನಿಂದ ಒಬ್ಬರು ಸ್ವಿಚ್ ಹಾಕುವುದು, ಒಬ್ಬರು ಬೆಲ್ಟು ಜಗ್ಗುವುದು. ಒಂದು ಸುತ್ತು ಕೊಟ್ಟರೆ ಸಾಕು, ಆಮೇಲೆ ಅದರ ಪಾಡಿಗೆ ಓಡುತ್ತಿತ್ತು; ಸ್ವಿಚ್ ಹಾಕಿ ತಿರುಗಿಸದೆ ಬಿಟ್ಟರೆ ಒಳಗಿನ ತಂತಿ ಸುಡುತ್ತಿತ್ತು.

ಜಗ್ಗುವ ಕೆಲಸ ಅವಳ ಮೈದುನನದಾಗಿತ್ತು. ಅವಳು ಮದುವೆಯಾಗಿ ಬಂದಾಗ ಅವಳ ಬೆರಳು ಹಿಡಿದು ನಡೆಯುತ್ತಿದ್ದ ಕೂಸು ಅವನು. ಹೋದ ತಿಂಗಳು ಬೆಲ್ಟಿಗೂ ಚಕ್ರಕ್ಕೂ ನಡುವೆ ಅವನ ಬಲಗೈ ಸಿಕ್ಕಿ ಮೂರು ಬೆರಳು ಹೋದವು. ಧಣಿ ಮೊದಲು ಬೆಲ್ಟಿನ ರಕ್ತ ಒರೆಸಲು ಹೇಳಿದ, ಆಮೇಲೆ ಗಾಡಿ ತರಿಸಿದ. ಆಸ್ಪತ್ರೆಯಲ್ಲಿ, ಮನೆಯ ಬಾಗಿಲಿಗೆ ಕೈ ಸಿಕ್ಕಿತು ಅಂತ ಬರೆಸಿದ.

ಮರುದಿನವೇ ಬೆಲ್ಟು ಗುಂಡಿಯಕ್ಕನ ಪಾಲಿಗೆ ಬಂತು. ಎಡಗೈಯಲ್ಲಿ ಅಂಗಿ ತೊಡಲು ಹೆಣಗುತ್ತಿದ್ದ ಮೈದುನ ಒಂದೇ ಮಾತು ಹೇಳಿದ: "ಅತ್ತಿಗೆ, ನೀನು ಅದಕ್ಕೆ ಕೈ ಹಾಕ್ಬೇಡ." ಅವಳು ಮುಖ ತಿರುಗಿಸಿ ಒಲೆ ಊದಿದಳು.

ಅವನು ಸುಮ್ಮನೆ ಕೂರಲಿಲ್ಲ. ಯಾರ ಕೈಯಲ್ಲೋ ಕಾರ್ಮಿಕ ಇಲಾಖೆಗೆ ಅರ್ಜಿ ಬರೆಸಿ ಕಳಿಸಿದ್ದ. ಒಂದು ಮಧ್ಯಾಹ್ನ ಇಲಾಖೆಯ ಇನ್‌ಸ್ಪೆಕ್ಟರು ಬಂದರು. ಕುರ್ಚಿ ಬಂತು, ಚಹಾ ಬಂತು. ಮಾತಿಗೆ ಬೆಣ್ಣೆ ಹಚ್ಚಿಕೊಂಡು ಧಣಿ ನಿಂತ.

"ಸ್ವಿಚ್ ಹಾಕಿದ್ರೆ ತಾನೇ ತಿರುಗುತ್ತೆ ಸಾರ್. ಆ ಸೂಳೆಮಗ ಕುಡ್ದು ಬಾಗ್ಲಿಗೆ ಕೈ ಕೊಟ್ಕೊಂಡ, ಈಗ ನಮ್ ತಲೆಗೆ ಕಟ್ತಿದಾನೆ."

"ಒಂದ್ಸಲ ಹಾಕಿ ತೋರಿಸ್ಬಿಡಿ. ಬರ್ಕೊಂಡು ಹೋಗ್ತೀನಿ," ಅಂದರು ಇನ್‌ಸ್ಪೆಕ್ಟರು, ಪೆನ್ನಿನ ಮುಚ್ಚಳ ತೆಗೆಯುತ್ತ.

ಸಾಹೇಬರ ಬೆನ್ನು ತಿರುಗಿದ ಕೂಡಲೇ ಜಗ್ಗಿಬಿಡಬೇಕೆಂದು ಧಣಿ ಬೆಳಿಗ್ಗೆಯೇ ತಾಕೀತು ಮಾಡಿದ್ದ. ಗುಂಡಿಯಕ್ಕ ಸ್ವಿಚ್ ಹಾಕಿದಳು. ಮೋಟರು ಗುಂಯ್‌ಗುಟ್ಟಿತು. ಧಣಿ ಆ ಕಡೆಯ ಹತ್ತಿಮೂಟೆಗಳನ್ನು ತೋರಿಸಿ ಸಾಹೇಬರ ಮುಖ ತಿರುಗಿಸಿದ, ಇವಳಿಗೆ ಕಣ್ಸನ್ನೆ ಮಾಡಿದ.

ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

ಧಣಿಯ ಕಣ್ಣು ಪಕ್ಕದಲ್ಲಿ ಕೂತು ಗುಂಡಿ ಕತ್ತರಿಸುತ್ತಿದ್ದವಳತ್ತ ಹೋಯಿತು. ಅವಳು ತಲೆ ತಗ್ಗಿಸಿ ಕತ್ತರಿ ಆಡಿಸುತ್ತಲೇ ಇದ್ದಳು. ಕೂತಿದ್ದ ಎಂಟು ಹೆಂಗಸರಲ್ಲಿ ಒಬ್ಬಳೂ ಏಳಲಿಲ್ಲ.

"ತಿರುಗ್ತಿಲ್ವಲ್ರೀ?" ಇನ್‌ಸ್ಪೆಕ್ಟರು ಇತ್ತ ತಿರುಗಿದ್ದರು.

"ಆಫ್ ಮಾಡೇ," ಧಣಿ ಹಲ್ಲು ಕಚ್ಚಿದ.

ಅವಳು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು. "ತಾನೇ ತಿರುಗುತ್ತೆ ಅಂದ್ರಲ್ಲ ಧಣಿ. ಸ್ವಲ್ಪ ಕಾಯಿರಿ."

ಸುಟ್ಟ ವಾರ್ನಿಷಿನ ವಾಸನೆ ಎದ್ದಿತು. ಸಾಹೇಬರ ಎದುರು ಅವಳನ್ನು ಜುಟ್ಟು ಹಿಡಿದು ಎಳೆಯುವಂತಿರಲಿಲ್ಲ. ಧಣಿ ತಾನೇ ಬೆಲ್ಟಿನತ್ತ ಓಡಿ ಕೈ ಚಾಚಿದ. ಗೇಣುದ್ದ ಉಳಿದಿರುವಾಗ ಕೈ ನಿಂತುಬಿಟ್ಟಿತು. ಅವನು ಇನ್ನೊಮ್ಮೆ ಚಾಚಿದ. ಮತ್ತೆ ನಿಂತಿತು.

ಮೋಟರಿನ ಬಾಯಿಂದ ಹೊಗೆ ಬಂತು. ಇನ್‌ಸ್ಪೆಕ್ಟರು ಮೂಗಿಗೆ ಕರವಸ್ತ್ರ ಹಿಡಿದು ಹೊರಗೆ ನಡೆದರು. ಬರೆದುಕೊಂಡರೋ ಇಲ್ಲವೋ ಯಾರಿಗೂ ಕಾಣಲಿಲ್ಲ.

ಮೋಟರು ಸುಟ್ಟರೆ ನಾಳೆ ತನ್ನದೂ ಸೇರಿ ಒಂಬತ್ತು ಮನೆಯ ಒಲೆ ಹೊತ್ತುವುದಿಲ್ಲ ಎಂದು ಗುಂಡಿಯಕ್ಕನಿಗೆ ಗೊತ್ತಿತ್ತು. ಹೊಗೆಗೆ ಕಣ್ಣು ಉರಿಯುತ್ತಿದ್ದರೂ ಅವಳು ಸ್ವಿಚ್ಚಿನ ಎದುರಿನಿಂದ ಕದಲಲಿಲ್ಲ.