ಬಾಣಂತಿ ಕೋಣೆಯ ತಂಪು

ತವರಿಗೆ ತಂಪು ಬಂದಿದೆ ಎಂದು ಹಿಗ್ಗಿಕೊಂಡೇ ಸೌಭಾಗ್ಯ ಹೆರಿಗೆಗೆ ನಾರಾಯಣಪುರಕ್ಕೆ ಬಂದಿದ್ದಳು. ಅಪ್ಪ ಲಿಂಗಣ್ಣ ಇದ್ದದ್ದು ನೀರಾವರಿ ಕ್ವಾರ್ಟರ್ಸಿನಲ್ಲಿ. ಅಣೆಕಟ್ಟೆಯ ತಳದ ತಣ್ಣೀರು ಒಂದೇ ಪೈಪಿನಲ್ಲಿ ಹೊರಟು, ಅಲ್ಲಿನ ನಲವತ್ತು ಮನೆಗಳ ಗೋಡೆಯೊಳಗೆ ಸುತ್ತಿ, ಜಾಲರಿಯಿಂದ ತಂಗಾಳಿ ಬಿಟ್ಟು ಕಾಲುವೆಗೆ ಸೇರುತ್ತಿತ್ತು. ಮನೆಗೊಂದು ಎ.ಸಿ. ಬೇಕಿಲ್ಲ, ಕರೆಂಟೂ ಅಷ್ಟು ಖರ್ಚಾಗುವುದಿಲ್ಲ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಇಲ್ಲಿ ಪೂಜಾರಿ ಅವಳ ತಾಯಿ ಅಮೃತಮ್ಮ. ಜಾಲರಿಗೆ ಎರಡು ಕೌದಿ ತುರುಕಿ, ಕಿಟಕಿ ಜಡಿದು, ಮಗಳು ಮಲಗುವ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಟ್ಟಿದ್ದಳು. ಅದೂ ಮೇ ತಿಂಗಳಲ್ಲಿ. ಹೆರಿಗೆಯಾದಾಗಿನಿಂದ, ಅಂದರೆ ಹನ್ನೆರಡು ದಿನದಿಂದ, ಸೌಭಾಗ್ಯಳ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ.

"ಯವ್ವಾ, ಜೀವ ಹೊಂಟದ. ಒಂದ್ ತಾಸ್ ಕೌದಿ ತಗಿ, ಮಲ್ಕೊಂತೀನಿ."

"ಬಾಣಂತಿಗಿ ಥಂಡಿ ಹತ್ತಿದ್ರ ಸನ್ನಿ ಆಗ್ತದ. ಸುಮ್ನ ಬಿದ್ಕೊ."

ಅಷ್ಟರಲ್ಲಿ ಈ ತಂಪಿನ ಯೋಜನೆಯ ಎಂಜಿನಿಯರ್ ಮಹೇಶಕುಮಾರ ಬಂದರು. ಇನ್ನೂ ಎಂಬತ್ತು ಮನೆಗಳಿಗೆ ಪೈಪು ಎಳೆಯಬೇಕೋ ಬೇಡವೋ ಎಂಬುದು ಅವರ ವರದಿಯ ಮೇಲೆ ನಿಂತಿತ್ತು. ಬಾಣಂತಿ, ಹಸುಗೂಸು ಇದ್ದರೆ ಫೋಟೊ ಚೆನ್ನಾಗಿ ಬರುತ್ತದೆಂದು ಮಾದರಿಗೆ ಈ ಮನೆಯನ್ನೇ ಆರಿಸಿದ್ದರು. ಮೀಟರು ಹಿಡಿದರು. ಹೊರಗೆ ಬೇವಿನ ನೆರಳಲ್ಲಿ ನಲವತ್ತು ಡಿಗ್ರಿ, ಒಳಗೆ ನಲವತ್ತೊಂದು.

ಅವರ ಮುಖ ಇಳಿಯಿತು. ಕೌದಿ ತೆಗೆಸೋಣವೆಂದರೆ, ಸ್ವಂತ ಹೆಂಡತಿಯ ಬಾಣಂತನದಲ್ಲೇ ಅತ್ತೆಯ ಮುಂದೆ ತುಟಿ ಬಿಚ್ಚದ ಗಂಡಸು. ಕೊನೆಗೆ ಸರ್ಕಾರಿ ತಲೆ ಓಡಿತು.

"ಅವ್ವಾರ, ನಮ್ಮ ಯೋಜನಾದಾಗ ತಂಪೂ ಅದ, ಬಿಸೀನೂ ಅದ. ನಿಮ್ಮ ಮನ್ಯಾಗ ಬಿಸಿ ಪಾಸಾಗ್ಯಾದ ಅಂತ ಬರಿತೀನಿ. ಮುಂದಿನ ಎಂಬತ್ತು ಮನಿಗಿ ಹೊರಸಿನ ಕೆಳಗ ಬಿಸಿನೀರಿನ ಪೈಪು ಹಾಕೋಣು."

"ಭಾಳ ಪುಣ್ಯ ಬರ್ತದ್ರಿ ಸಾಹೇಬ್ರ!"

"ಬಾಣಂತಿ ಅಭಿಪ್ರಾಯ ಅಂತ ಒಂದು ಕಾಲಂ ಅದ..."

"ಅದನ್ನೂ ನಾನs ಹೇಳ್ತೀನಿ, ಬರ್ಕೋರಿ," ಎಂದಳು ಅಮೃತಮ್ಮ.

ಸೌಭಾಗ್ಯಳಿಗೆ ಮೈಯೆಲ್ಲ ಉರಿದುಹೋಯಿತು. ಕೂಸನ್ನೆತ್ತಿಕೊಂಡು ಹೊರಸಿನಿಂದ ಕೆಳಗಿಳಿದಳು. "ಬರಿಯೂದು ಆಮ್ಯಾಗ ರೀ ಸಾಹೇಬ್ರ. ಮೊದಲ ಇದರ ಮ್ಯಾಲ ಕುಂದರ್ರಿ. ಬಿಸಿ ಬರೋಬರಿ ಪಾಸಾಗ್ಯಾದೋ ಇಲ್ಲೋ ನೀವs ನೋಡ್ರಿ."

ಬಾಣಂತಿಯ ಮಾತು ಮೀರಲಾಗದೆ ಸಾಹೇಬರು ಹೊರಸಿನ ಮೇಲೆ ಕುಳಿತರು. ಎರಡೇ ನಿಮಿಷ. ಪ್ಯಾಂಟಿನ ಹಿಂಭಾಗ ಹಿಡಿದುಕೊಂಡು ಎದ್ದವರೇ ತಾವೇ ಜಾಲರಿಯ ಕೌದಿ ಕಿತ್ತು ಮುಖವೊಡ್ಡಿ ನಿಂತರು. ಕೋಣೆ ನಿಧಾನಕ್ಕೆ ತಣ್ಣಗಾಯಿತು. "ತಂಪು: ಉತ್ತಮ. ಬಿಸಿ: ದುರಸ್ತಿಯಲ್ಲಿದೆ," ಎಂದು ಗಟ್ಟಿಯಾಗಿ ಓದುತ್ತ ಬರೆಯತೊಡಗಿದರು.

ಅಮೃತಮ್ಮ ಜಗಳಕ್ಕೆಂದೇ ತಿರುಗಿದಳು. ಮಗಳು ನೆಲದ ಮೇಲೆ, ಕೂಸನ್ನು ಮಗ್ಗುಲಿಗೆ ಹಾಕಿಕೊಂಡು, ಬಾಯಿ ತೆರೆದು ನಿದ್ದೆ ಹೋಗಿದ್ದಳು. ತಾಯಿ ಕಿತ್ತುಬಿದ್ದ ಕೌದಿಗಳನ್ನು ಮಡಚಿ ಬದಿಗಿಟ್ಟಳು.

"ಸಾಹೇಬ್ರ," ಎಂದಳು ಪಿಸುದನಿಯಲ್ಲಿ, "ಸಪ್ಪಳ ಮಾಡಬ್ಯಾಡ್ರಿ. ಹೊರಗ ಕುಂತು ಬರಕೋರಿ."