ಕಡ್ಡಿ ತುದಿಯ ಕನ್ನಡ

ಜಯಲತಾಳಿಗೆ ಆ ಯಂತ್ರದ ಹುಚ್ಚು ಹಿಡಿಸಿದವನು ಅವಳ ಮೈದುನ. ೨೦೦೩ರಲ್ಲಿ ಮಸ್ಕತ್ತಿನಿಂದ ರಜೆಗೆ ಬಂದವನು ಅಂಗೈಯಗಲದ ಆರ್ಗನೈಸರ್ ಒಂದನ್ನು ಅವಳ ಕೈಗಿಟ್ಟು, "ಅತ್ತಿಗೆ, ಫೋನ್ ನಂಬರು, ಮೀಟಿಂಗು ಎಲ್ಲ ಇದರಲ್ಲೇ ಇಟ್ಟುಕೊಳ್ಳಿ" ಎಂದಿದ್ದ. ಜೊತೆಗೊಂದು ಪ್ಲಾಸ್ಟಿಕ್ ಕಡ್ಡಿಯಿತ್ತು. ಅದರಿಂದ ಪರದೆಯ ಮೇಲೆ ಗೀಚಿದರೆ ಇಂಗ್ಲಿಷ್ ಅಕ್ಷರ ಮೂಡುತ್ತಿತ್ತು.

ಠಾಣೆ ನಗರದ ಕಚೇರಿಯೊಂದರಲ್ಲಿ ವಿಮೆಯ ಲೆಕ್ಕಾಚಾರಕ್ಕೆ ಪ್ರೋಗ್ರಾಮ್ ಬರೆಯುತ್ತಿದ್ದ ಜಯಲತಾ ಬೇಗನೆ ಫೋನ್ ನಂಬರುಗಳನ್ನು ಮರೆತಳು. ಗೀಚಿದ ಗೆರೆ ಇಂಗ್ಲಿಷ್ ಆಗುವುದಾದರೆ ಕನ್ನಡ ಯಾಕಾಗಬಾರದು ಎಂಬ ಪ್ರಶ್ನೆ ಅವಳ ತಲೆಯಲ್ಲಿ ಕೂತುಬಿಟ್ಟಿತು. ಹೊರಗಿನವರೂ ಪ್ರೋಗ್ರಾಮ್ ಬರೆಯಲಿ ಎಂದು ಯಂತ್ರ ತಯಾರಿಸುವ ಕಂಪನಿ ಬೇಕಾದ ಪರಿಕರಗಳನ್ನೆಲ್ಲ ಅಂತರ್ಜಾಲದಲ್ಲಿ ಧರ್ಮಕ್ಕೆ ಬಿಟ್ಟಿತ್ತು. ಇಷ್ಟು ಧಾರಾಳವಾಗಿ ಬಾಗಿಲು ತೆರೆದಿಟ್ಟವರ ಮೇಲೆ ಅವಳಿಗೆ ಪ್ರೀತಿಯೇ ಹುಟ್ಟಿತು.

ಯಂತ್ರದೊಳಗೆ ಕನ್ನಡದ ಲಿಪಿಯೇ ಇರಲಿಲ್ಲ. ಅವಳು ಚೌಕುಳಿ ಕಾಗದದಲ್ಲಿ ಚುಕ್ಕಿ ತುಂಬಿ ಒಂದೊಂದೇ ಅಕ್ಷರ ಕಟ್ಟಿದಳು. ಡೊಂಬಿವಲಿಯಿಂದ ಠಾಣೆಯವರೆಗಿನ ಲೋಕಲ್ ರೈಲಿನ ಲೇಡೀಸ್ ಡಬ್ಬಿಯೇ ಅವಳ ಪ್ರಯೋಗಶಾಲೆ. ನಿಂತುಕೊಂಡೇ, ಒಂದು ತೋಳನ್ನು ಕಂಬಿಗೆ ಸುತ್ತಿ, ಗೀಚುವುದು, ಅಳಿಸುವುದು. ಒಂದು ಬೆಳಿಗ್ಗೆ ಗಾಡಿ ಮುಂಬ್ರಾ ದಾಟುತ್ತಿದ್ದಾಗ ಪರದೆಯ ಮೇಲೆ ದುಂಡಗೆ 'ಅ' ಬಂದು ಕೂತಿತು. ಜಯಲತಾ ಪಕ್ಕದವಳ ತೋಳನ್ನು ಗಟ್ಟಿಯಾಗಿ ಹಿಡಿದಳು.

"ಕಾಯ್ ಝಾಲಂ ತಾಯಿ?" ಏನಾಯಿತಕ್ಕ ಎಂದು ಆ ಹೆಂಗಸು ಮರಾಠಿಯಲ್ಲಿ ಗಾಬರಿಯಿಂದ ಕೇಳಿದಳು.

ಜಯಲತಾ ಪರದೆ ತೋರಿಸಿದಳು. ಆಕೆಗೆ ಆ ಅಕ್ಷರ ಗೊತ್ತಿರಲಿಲ್ಲ. ಆದರೂ ಇವಳ ಮುಖ ನೋಡಿ ನಕ್ಕು, ಕೂರಲು ಜಾಗ ಮಾಡಿಕೊಟ್ಟಳು. ಮುಂದಿನ ನಿಲ್ದಾಣ ಕಳ್ವಾ ಬರುವಷ್ಟರಲ್ಲಿ ಅರ್ಧ ಡಬ್ಬಿಯೇ ತಾನೂ ಆ ಅಕ್ಷರ ಗೀಚಿ ನೋಡಲು ಕೈಚಾಚಿತ್ತು.

ಗಂಡ ತಾರಾನಾಥ ಘಣಸೋಲಿಯ ಹೋಟೆಲೊಂದರಲ್ಲಿ ಮ್ಯಾನೇಜರ್. ಅಂದು ಸಂಜೆ ಅವನು ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರಿಂದ ಏನು ಪ್ರಯೋಜನ ಮಾರಾಯ್ತಿ?" ಎಂದು ಕೇಳಿದ. ಕೇಳಿದವನೇ ಕಡ್ಡಿ ಹಿಡಿದು, ಊಟಕ್ಕೆ ಕರೆದರೂ ಏಳದೆ ಗೀಚುತ್ತ ಕೂತ.

ಕಂಪನಿ ವರ್ಷವರ್ಷವೂ ಹೊಸ ಮಾದರಿ ತರುತ್ತಿತ್ತು. ಒಮ್ಮೆ ಬಣ್ಣದ ಪರದೆ ಬಂತು, ಇನ್ನೊಮ್ಮೆ ಹಾಡು ಕೇಳಿಸಿತು. ಆಮೇಲೆ ಹೊರಮೈ ಬಣ್ಣವಷ್ಟೇ ಬದಲಾಗತೊಡಗಿತು. ಆದರೂ ೨೦೦೬ರಲ್ಲಿ ವಾಶಿಯ ಹೋಟೆಲೊಂದರಲ್ಲಿ ಹೊಸ ಯಂತ್ರದ ಪ್ರದರ್ಶನವೆಂದು ಗೊತ್ತಾದಾಗ ಜಯಲತಾ ರಜೆ ಹಾಕಿ, ಹೊಸ ಸೀರೆ ಉಟ್ಟು ಹೊರಟಳು. ಈ ಸಲವಾದರೂ ನಮ್ಮ ಭಾಷೆಗಳಿಗೆ ಒಳಗೆ ಜಾಗವಿರುತ್ತದೆ ಎಂದು ಅವಳ ನಂಬಿಕೆ.

ಮೇಜಿನ ಹಿಂದೆ ನಿಂತಿದ್ದ ಕಂಪನಿಯ ಇಂಜಿನಿಯರನ ಎದೆಪಟ್ಟಿಯಲ್ಲಿ 'ಹುಲಗಪ್ಪ' ಎಂದಿತ್ತು. ಜಯಲತಾ ಕನ್ನಡದಲ್ಲೇ ಕೇಳಿದಳು: "ಸರ್, ಇದರಲ್ಲಿ ಹೊಸತು ಏನುಂಟು?"

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಡಬ್ಬಿ ಹೊಸಾದು ಐತ್ರಿ ಮೇಡಂ, ಒಳಗಿಂದು ಹಳೇದ. ಇದನ್ನ ಕಟ್ಟಿದ ಮಂದಿ ಕಂಪನಿ ಬಿಟ್ಟು ಹೋಗ್ಯಾರ. ಉಳದವ್ರು ಬಣ್ಣ ಆರಿಸ್ಕೋತ ಕುಂತಾರ."

ಜಯಲತಾ ಹೊಸ ಯಂತ್ರದತ್ತ ಚಾಚಿದ್ದ ಕೈಯನ್ನು ಹಿಂದೆಗೆದಳು. ಆದರೂ ಚೀಲದಿಂದ ತನ್ನ ಹಳೆಯ ಯಂತ್ರ ತೆಗೆದು ಅವನ ಮುಂದಿಟ್ಟಳು. ಎರಡಕ್ಷರ ಗೀಚಿದ ಹುಲಗಪ್ಪನ ಕಣ್ಣು ಅರಳಿತು.

"ಇದು ನೀವ ಮಾಡಿದ್ದೇನ್ರಿ? ತಡೀರಿ, ನಮ್ಮವ್ವನ ಹೆಸರು ಬರೀತೀನಿ."

ಬಾ ಬಂತು, ಲ ಬಂತು. ಮುಂದೆ ಒತ್ತಕ್ಷರ. ಒತ್ತನ್ನು ಅವಳು ಸರಿಪಡಿಸಿದ್ದು ಹಿಂದಿನ ಭಾನುವಾರವಷ್ಟೇ. ನಾಲ್ಕು ಸಲಕ್ಕೊಮ್ಮೆ ಅದು ಇನ್ನೂ ಕೈಕೊಡುತ್ತಿತ್ತು. ಮ ಮೂಡಿ, ಅದರ ಅಡಿಗೆ ಪುಟ್ಟ ಒತ್ತು ನಿಧಾನವಾಗಿ ಬಂದು ಸೇರಿತು. 'ಬಾಲಮ್ಮ'. ಹುಲಗಪ್ಪ ಹೊಸ ಯಂತ್ರಗಳ ಸಾಲನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಸಹೋದ್ಯೋಗಿಗಳನ್ನೆಲ್ಲ ಕೂಗಿ ಕರೆದ. ಮಧ್ಯಾಹ್ನದವರೆಗೆ ಆ ಮೇಜಿನ ಸುತ್ತಲೇ ಗುಂಪು.

ಅವಳ ಕನ್ನಡವನ್ನು ಯಂತ್ರದೊಳಗೇ ಸೇರಿಸೋಣ ಎಂದು ಅವನು ಉತ್ಸಾಹದಿಂದ ಮೇಲಿನವರಿಗೆ ಬರೆದ. ಸದ್ಯಕ್ಕೆ ಅಂಥ ಯೋಜನೆಯಿಲ್ಲ ಎಂದು ಉತ್ತರ ಬಂತು. ಎರಡು ವರ್ಷಕ್ಕೆ ಕಂಪನಿ ಇಲ್ಲಿನ ಅಂಗಡಿಯನ್ನೇ ಮುಚ್ಚಿತು. ಆ ಸುದ್ದಿ ಓದಿದ ದಿನ ಜಯಲತಾಳಿಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಯಿತು. ಅಷ್ಟು ಒಳ್ಳೆಯ ವಸ್ತುವನ್ನು ಕೈಯಲ್ಲಿಟ್ಟುಕೊಂಡು ಸುಮ್ಮನೆ ಕೂತರಲ್ಲ ಎಂದು ಪಾತ್ರೆಗಳ ಮೇಲೆ ಆ ಸಿಟ್ಟನ್ನು ತೀರಿಸಿಕೊಂಡಳು.

೨೦೧೧ರಲ್ಲಿ ಹುಲಗಪ್ಪನ ಫೋನು ಬಂತು. "ಮೇಡಂ, ಈಗ ಎಲ್ಲಾರ ಕೈಯಾಗ ಟಚ್ ಫೋನ್ ಬರಾಕ್ಹತ್ತಾವ. ಖಾರಘರದಾಗ ನಾವು ಮೂರು ಮಂದಿ ಒಂದು ರೂಮ್ ಹಿಡದೀವಿ. ಅದರ ಮ್ಯಾಲೆ ಬೆರಳಿಂದ ಕನ್ನಡ ಬರಿಯೋ ಪ್ರೋಗ್ರಾಮ್ ಕೆಲಸ ಶುರು ಮಾಡೂಣು. ನೀವು ಬರಬೇಕ್ರಿ."

ರಾತ್ರಿ ಊಟಕ್ಕೆ ಕೂತಾಗ ತಾರಾನಾಥ, "ಇದ್ದ ಕೆಲಸ ಬಿಡುವುದಾ?" ಎಂದ.

"ಬಿಡುತ್ತೇನೆ ಅಂತ ಹೇಳಲಿಕ್ಕೇ ನಿಮ್ಮನ್ನು ಕಾದದ್ದು."

ಅವನು ಅನ್ನಕ್ಕೆ ಸಾರು ಸುರಿದುಕೊಂಡ. ಆಮೇಲೆ, "ಅಲ್ಲಿ ಊಟಕ್ಕೆ ಏನು ಮಾಡ್ತಿ? ನಾಲ್ಕು ಜನರಿಗಾಗುವಷ್ಟು ಹೋಟೆಲಿನಿಂದ ಕಳಿಸುತ್ತೇನೆ" ಎಂದ.

ಮೊದಲ ದಿನ ಜಯಲತಾ ಠಾಣೆಯಲ್ಲಿ ಇಳಿದು, ಮೆಟ್ಟಿಲನ್ನು ಓಡುತ್ತಲೇ ಹತ್ತಿ ಪನ್ವೇಲ್ ಗಾಡಿ ಹಿಡಿದಳು. ಖಾರಘರದ ಗುಡ್ಡದ ಬುಡದಲ್ಲಿ ಹೊಸ ಕಟ್ಟಡ, ಲಿಫ್ಟ್ ಇನ್ನೂ ನಡೆಯುತ್ತಿರಲಿಲ್ಲ. ಏದುಸಿರು ಬಿಡುತ್ತ ಮೇಲೆ ಹೋದರೆ ಕೋಣೆಯಲ್ಲಿ ಆಗಲೇ ಜಗಳ ಎದ್ದಿತ್ತು. ಬೆರಳು ಕಡ್ಡಿಗಿಂತ ದಪ್ಪವಾದ್ದರಿಂದ ದೀರ್ಘದ ಗುರುತಿಗೆ ಬೇರೆ ಗೆರೆ ಬೇಕೆಂದು ಒಬ್ಬ, ಬೇಡವೆಂದು ಹುಲಗಪ್ಪ.

"ಇಬ್ಬರದ್ದೂ ತಪ್ಪು, ಇಲ್ಲಿ ಕೊಡಿ" ಎಂದು ಜಯಲತಾ ಫೋನನ್ನು ಕಸಿದುಕೊಂಡಳು. ಚಪ್ಪಲಿ ಬಿಡುವುದನ್ನೂ ಮರೆತು ಕುರ್ಚಿ ಎಳೆದುಕೊಂಡು ಕೂತಳು.