ಮುಂಚೆ ಕಟ್ಟಿದ ಘಂಟೆ

ನಂದೊಳ್ಳಿಯ ಗಂಗೆ ಎಂಟು ತಿಂಗಳಿಂದ ಮಂಕಾಗಿದ್ದಳು. ಹಾಗಂತ ಕೆಲಸ ಬಿಟ್ಟವಳಲ್ಲ. ಹಾಲು ಕರೆಯುತ್ತಿದ್ದಳು, ಗದ್ದೆಗೆ ಹೋಗುತ್ತಿದ್ದಳು. ಕೆಲಸ ಮಾಡುವ ಸೊಸೆಗೆ ಕಾಯಿಲೆ ಅಂದರೆ ಯಾರು ತಾನೆ ನಂಬುತ್ತಾರೆ? ಊಟ ಸೇರದು, ನಿದ್ದೆ ಬಾರದು, ಮಗಳು ಬಂದು ತಬ್ಬಿಕೊಂಡರೂ ಒಳಗೆ ಏನೂ ಆಗದು. ಅವಳನ್ನು ಹೆದರಿಸಿದ್ದು ಈ ಕೊನೆಯದೇ.

ಅತ್ತೆ ದೇವಕ್ಕ ಕೆಟ್ಟವಳಲ್ಲ. ಸೊಸೆಗೆ ಗುಣವಾದರೆ ಘಂಟೆ ಕಟ್ಟುತ್ತೇನೆಂದು ಚಂದಗುಳಿಯ ಗಣಪತಿಗೆ ಹರಕೆ ಹೊತ್ತಳು. ಅದಾಗಿ ವಾರಕ್ಕೆ, ಕರುವೊಂದು ಅಕ್ಕಿ ತೊಳೆದ ಅಕ್ಕಚ್ಚಿನ ಬಕೆಟ್ಟಿಗೆ ಮೂತಿ ಹಾಕಿ, ಅದನ್ನೇ ತಲೆಗೆ ಸಿಕ್ಕಿಸಿಕೊಂಡು ಅಂಗಳವೆಲ್ಲ ಓಡಿತು. ಗಂಗೆ ನಕ್ಕುಬಿಟ್ಟಳು. ಅಷ್ಟೇ ಸಾಕಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುವಂತೆ ದೇವಕ್ಕ ಮಾರನೇ ದಿನವೇ ಹೋಗಿ ಘಂಟೆ ಕಟ್ಟಿದಳು. ಕೇರಿಗೆಲ್ಲ ಪ್ರಸಾದ ಹಂಚಿದಳು.

ಘಂಟೆ ಕಟ್ಟಿಯಾದ ಮೇಲೆ ಕಾಯಿಲೆ ಎಲ್ಲಿಯದು? ಇನ್ನೂ ಇದೆ ಅಂದರೆ ದೇವರನ್ನೇ ಸುಳ್ಳುಗಾರ ಮಾಡಿದ ಹಾಗೆ. ಯಾರಾದರೂ ಹುಷಾರಾ ಎಂದು ಕೇಳಿದರೆ ಗಂಗೆ ಹೂಂ ಅನ್ನುತ್ತಿದ್ದಳು. ಮೂವತ್ತೈದರ ಗಂಡ ಮಂಜ ಆಸ್ಪತ್ರೆಯ ಮಾತನ್ನೇ ಬಿಟ್ಟ. ತಾನಿಲ್ಲದಿದ್ದರೆ ಈ ಮನೆಗೆ ಏನೂ ಕಡಿಮೆಯಾಗದು ಎಂದು ಬರಬರುತ್ತ ಅವಳಿಗೆ ಅನ್ನಿಸತೊಡಗಿತು. ಹಾಗೆ ಅನ್ನಿಸುವುದಕ್ಕೇ ಅವಳಿಗೆ ಭಯವಾಯಿತು.

ಕೊಟ್ಟಿಗೆಗೆ ಹಾಸಲು ಬೆಟ್ಟದಲ್ಲಿ ಅತ್ತೆ ಸೊಸೆ ಒಣಗಿದೆಲೆಯ ದರಕು ಗುಡಿಸುತ್ತಿದ್ದ ದಿನ ಅವಳು ಹೇಳಿಯೇಬಿಟ್ಟಳು.

"ಅತ್ತೆ, ನಂಗೆ ಕಮ್ಮಿ ಆಗ್ಲಿಲ್ಲ. ನೀವು ಘಂಟೆ ಮುಂಚೆ ಕಟ್ಟಿಬಿಟ್ರಿ. ಸಾಯ್ಬೇಕು ಅನ್ನಿಸ್ತದೆ."

ದೇವಕ್ಕ ಬೈಯಲಿಲ್ಲ. ಪೊರಕೆ ಕೆಳಗಿಟ್ಟು ಸೊಸೆಯ ಮುಖ ನೋಡಿದಳು.

"ನಾಳೆ ಬೆಳಗಿನ ಬಸ್ಸಿಗೆ ಯಲ್ಲಾಪುರದ ಆಸ್ಪತ್ರೆಗೆ ಹೋಗುವ," ಅಂದಳು. "ಗಣಪತಿ ಹತ್ರ ತಪ್ಪಾತು ಅಂತ ನಾನು ಹೇಳ್ಕಳ್ತೆ. ಅವ ಎಂತ ಇಲ್ಲಿ ಬಂದು ನಿನ್ನ ನಾಡಿ ನೋಡ್ತಾನಾ?"

ಆ ರಾತ್ರಿ ಗಂಗೆಯನ್ನು ತನ್ನ ಪಕ್ಕದಲ್ಲೇ ಮಲಗಿಸಿಕೊಂಡಳು.

ಡಾಕ್ಟರಮ್ಮ ನಿದ್ದೆ, ಊಟ, ಸಾಯುವ ಯೋಚನೆ ಎಲ್ಲವನ್ನೂ ನಿಧಾನಕ್ಕೆ ಕೇಳಿದರು. ಗಂಗೆ ಒಂದನ್ನೂ ಮುಚ್ಚಿಡಲಿಲ್ಲ. ಮಾತ್ರೆ ಬರೆದುಕೊಟ್ಟು, ಅವಳನ್ನು ಒಬ್ಬಳೇ ಬಿಡಬೇಡಿ, ವಾರಕ್ಕೆ ಮತ್ತೆ ಕರೆತನ್ನಿ ಅಂದರು. ಗಂಗೆ ಎದ್ದಳು. ದೇವಕ್ಕ ಏಳಲಿಲ್ಲ.

"ನಂಗೂ ಒಂದು ಚೀಟಿ ಬರೀರಿ. ಇವಳು ಹೇಳಿದ್ದೆಲ್ಲ ನಂಗೂ ಅದೆ."

"ಎಷ್ಟು ದಿನದಿಂದ?"

ದೇವಕ್ಕ ಸೆರಗಿನ ತುದಿ ಮಡಿಸುತ್ತ ಕೂತಳು.

"ನಮ್ಮ ಮಂಜ ಹುಟ್ಟಿದಾಗಿಂದ," ಅಂದಳು. "ಆಗ ನಮ್ಮತ್ತೆ ಹೋಗಿ ಘಂಟೆ ಕಟ್ಟಿ ಬಂದ್ಲು. ಆಮೇಲೆ ನಾನು ಯಾರಿಗೂ ಹೇಳ್ಲಿಲ್ಲ."